ಎರಡನೇ ಕೀ

ಸುಕೇಶನ ಬಿಳಿ ಕಾರು ಆ ತಿಂಗಳಲ್ಲಿ ಮೂರನೇ ಸಲ ನಮ್ಮ ಗ್ಯಾರೇಜಿಗೆ ಬಂತು. ಈ ಸಲ ಹಗ್ಗ ಕಟ್ಟಿಸಿಕೊಂಡು ಬಂತು. ಜೋಗೇಶ್ವರಿಯ ನಮ್ಮ ಗಲ್ಲಿ ಎಷ್ಟು ಇಕ್ಕಟ್ಟೆಂದರೆ, ಎಳೆದು ತಂದ ಗಾಡಿಯನ್ನು ತಿರುಗಿಸುವಷ್ಟರಲ್ಲಿ ಚಾಳಿನ ಅರ್ಧ ಮನೆಗಳಿಗೆ ಸುದ್ದಿ ಮುಟ್ಟಿರುತ್ತದೆ.

"ಗಾಡಿ ಕೆಟ್ಟದೋ ಹುಡುಗ ಕೆಟ್ಟಾನೋ, ನೋಡವ್ವಾ ರಂಜನಾ" ಎಂದ ಯಲ್ಲಾಲಿಂಗ ಕಾಕಾ.

ಗ್ಯಾರೇಜು ಕಾಕಾನದು. ಎಂಜಿನ್ ಬಿಚ್ಚುವುದು ಅವನ ಕೆಲಸ, ವೈರಿಂಗು ಮತ್ತು ಸ್ಕ್ಯಾನರು ನನ್ನವು. ನಾನು ಕೇಳಿಸಿಕೊಳ್ಳದವಳಂತೆ ಸ್ಕ್ಯಾನರ್ ಎತ್ತಿಕೊಂಡೆ. ಹೋಗುವ ಮೊದಲು ಕೆನ್ನೆಯ ಗ್ರೀಸು ಒರೆಸಿಕೊಂಡದ್ದನ್ನು ಮಾತ್ರ ಅವನು ನೋಡಿಬಿಟ್ಟ. ಅವನಿಗೆ ಅಂಥವೇ ಕಾಣುತ್ತವೆ.

ಸುಕೇಶ ಉಡುಪಿಯವನು, ಪವಾಯಿಯಲ್ಲಿ ಹೋಟೆಲು ನಡೆಸುತ್ತಾನೆ. ಬಂದಾಗಲೆಲ್ಲ ಒಂದು ಪೊಟ್ಟಣ ಬನ್ಸ್ ತರುತ್ತಾನೆ. ಬಿಸಿ ಇರುವಾಗಲೇ ತಿನ್ನಿ ಎಂದು ಹೇಳಿ, ನಾನು ಮೊದಲ ತುತ್ತು ಕಚ್ಚುವ ತನಕ ನನ್ನ ಮುಖವನ್ನೇ ನೋಡುತ್ತಾ ನಿಲ್ಲುತ್ತಾನೆ. ಹೋಟೆಲಿನವರ ಅಭ್ಯಾಸ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಒಂದು ದಿನವೂ ಅದನ್ನು ನಂಬಿರಲಿಲ್ಲ.

"ಈ ಸಲ ಏನಾಯ್ತ್ರಿ?"

"ಲಿಂಕ್ ರೋಡಲ್ಲಿ ಹೋಗ್ತಾ ಹೋಗ್ತಾ ಆಫ್ ಆಯ್ತು. ಮತ್ತೆ ಸ್ಟಾರ್ಟೇ ಇಲ್ಲ ಮಾರಾಯ್ರೆ."

ಸ್ಕ್ಯಾನರ್ ಜೋಡಿಸಿದೆ. ಎಂಜಿನ್ನಿನ ಕಂಪ್ಯೂಟರು, ಅಂದರೆ ಇಸಿಎಂ, ಉತ್ತರ ಕೊಡಲಿಲ್ಲ. ಬ್ಯಾಟರಿ ನೋಡಿದೆ, ಫ್ಯೂಸ್ ನೋಡಿದೆ, ಅರ್ಥಿಂಗ್ ನೋಡಿದೆ, ಎಲ್ಲ ಸರಿ ಇತ್ತು. ಕೊನೆಗೆ ಇಸಿಎಂ ಕಳಚಿ ತೆಗೆದರೆ ಅದರ ಪಿನ್ನುಗಳೆಲ್ಲ ಹಸಿರುಗಟ್ಟಿದ್ದವು.

"ಇದು ನೀರ್ ಕುಡದದ. ಯಾವಾಗ ನೀರಾಗ ಇಳಿಸಿದ್ರಿ?"

ಅವನು ತಲೆ ಕೆರೆದುಕೊಂಡ. "ಜುಲೈಯಲ್ಲಿ. ಅಂಧೇರಿ ಸಬ್‌ವೇಯಲ್ಲಿ ಯಕ್ಷಿತಾ ಬಿಟ್ಟದ್ದು."

"ಯಕ್ಷಿತಾ ಅಂದ್ರ?"

"ಮನೆಯವರು ನನಗೆ ಮದುವೆಗೆ ಅಂತ ನೋಡಿದ ಹುಡುಗಿ. ಬಾಂದ್ರಾದಲ್ಲಿ ಬ್ಯಾಂಕಲ್ಲಿರುದು."

ಮದುವೆಗೆಂದು ನೋಡಿದ ಹುಡುಗಿ ಇವನನ್ನು ನಡುನೀರಿನಲ್ಲಿ ಬಿಟ್ಟುಹೋಗಿದ್ದಾಳೆ! ಪಾಪ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ನನಗೆ ಸ್ವರ್ಗಕ್ಕೆ ಮೂರೇ ಗೇಣು ಉಳಿದಿತ್ತು.

"ಬಿಟ್ಟವರ ಸಲುವಾಗಿ ಕೊರಗಬ್ಯಾಡ್ರಿ" ಎಂದೆ, ಆದಷ್ಟು ಮೆತ್ತಗೆ. "ಅಷ್ಟು ನೀರಾಗ ನಿಮ್ಮನ್ನ ಬಿಟ್ಟು ಹೋಗ್ಲಿಕ್ಕ ಮನಸರ ಹ್ಯಾಂಗ ಬಂತು ಅವರಿಗೆ?"

ಅವನು ಕಣ್ಣು ಪಿಳಿಪಿಳಿ ಬಿಟ್ಟ. "ನನ್ನನ್ನಲ್ಲ ಮಾರಾಯ್ರೆ, ಕಾರು! ಅವಳು ಕಾರು ಬಿಟ್ಟದ್ದು. ನಾನು ಪಕ್ಕದ ಸೀಟಲ್ಲಿದ್ದೆ."

ಬಾನೆಟ್ಟಿನ ಆಚೆ ಕಾಕಾ ಕೆಮ್ಮಿದ. ನಗು ಮುಚ್ಚಿಕೊಳ್ಳಲು ಅವನು ಹಾಗೆ ಕೆಮ್ಮುತ್ತಾನೆ. ಗಾಡಿ ಓಡಿಸುವುದಕ್ಕೆ ನಮ್ಮ ಯಾದಗಿರಿ ಕಡೆ ಹೊಡೆಯುವುದು ಎನ್ನುತ್ತಾರೆ, ಇವರ ಕಡೆ ಬಿಡುವುದು ಎನ್ನುತ್ತಾರೆ. ಅಷ್ಟೇ ವ್ಯತ್ಯಾಸ. ಅಷ್ಟಕ್ಕೇ ನನ್ನ ಸ್ವರ್ಗ ಪನ್ವೇಲ್ ದಾಟಿ ಹೋಯಿತು.

ಪಕ್ಕದ ಸೀಟು! ಅವಳು ಓಡಿಸುವುದು, ಇವನು ಪಕ್ಕದಲ್ಲಿ ಕೂತು ಅವಳ ಮುಖ ನೋಡುವುದು. ಬನ್ಸ್ ಅವಳಿಗೂ ಬಿಸಿ ಇರುವಾಗಲೇ ಕೊಟ್ಟಿರುತ್ತಾನೆ.

"ಹೊಸಾ ಇಸಿಎಂ ಹಾಕಬೇಕು" ಎಂದೆ. ದನಿ ಒರಟಾಗಿದ್ದು ನನಗೇ ಗೊತ್ತಾಯಿತು. "ಇದು ಗಾಡಿ ಮೆದುಳು. ಹೊಸಾ ಮೆದುಳಿಗೆ ನಿಮ್ಮ ಕೀ ಗುರ್ತು ಇರಂಗಿಲ್ಲ. ಇದ್ದ ಕೀ ಎಲ್ಲಾ ಒಂದೇ ಸಲ ಕಲಿಸಬೇಕು. ಎರಡೂ ತರ್ರಿ."

ಅವನು ಕೈಯಲ್ಲಿದ್ದ ಕೀಯನ್ನು ಒಮ್ಮೆ ತಿರುವಿ ನೋಡಿದ. "ಇನ್ನೊಂದು ಯಕ್ಷಿತಾಳ ಹತ್ತಿರ ಉಂಟು."

ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು. ನಾನು ಸ್ಪ್ಯಾನರ್ ಟ್ರೇಗೆ ಹಾಕಿದ ಸದ್ದಿಗೆ ಗಲ್ಲಿಯ ನಾಯಿ ಎದ್ದು ನಿಂತಿತು.

"ಒಂದೇ ಕಲಿಸಿದ್ರೆ ಸಾಕಾಗುದಿಲ್ವಾ?" ಎಂದು ಕೇಳಿದ.

ಸಾಕು ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಕೆಲಸದಲ್ಲಿ ಸುಳ್ಳು ಹೇಳಿ ನನಗೆ ಅಭ್ಯಾಸವಿಲ್ಲ. "ಇನ್ನೊಂದು ಸತ್ತಂಗ. ಬಾಗ್ಲಾ ತೆಗೀತದ, ಗಾಡಿ ಚಾಲೂ ಆಗಂಗಿಲ್ಲ."

"ಹಾಗೆ ಸಾಯುದು ಬೇಡ" ಎಂದ. "ನಾನು ಕೇಳಿ ತರ್ತೇನೆ."

ಸಾಯುವುದು ಬೇಡವಂತೆ! ಅವನು ನೋಡುತ್ತಿದ್ದಂತೆಯೇ ಬನ್ಸ್ ಪೊಟ್ಟಣವನ್ನು ಬಿಚ್ಚದೆ ಕಾಕಾನ ಕೈಗೆ ಕೊಟ್ಟೆ. ನೋಡಲಿ ಎಂದೇ ಕೊಟ್ಟೆ.

ಹೊಸ ಇಸಿಎಂ ಬರಲು ನಾಲ್ಕು ದಿನ ಹಿಡಿಯಿತು. ಮೂರನೇ ದಿನ ಕಾಕಾ ಊಟಕ್ಕೆ ಹೋದಾಗ, ನಾನು ಆ ಕಾರಿನ ಪಕ್ಕದ ಸೀಟಿನಲ್ಲಿ ಕೂತು ನೋಡಿದೆ. ಅಲ್ಲಿಂದ ಡ್ರೈವರ್ ಸೀಟಿನವರ ಮುಖ ಎಷ್ಟು ಹತ್ತಿರ ಕಾಣುತ್ತದೆ ಎಂದು ತಿಳಿಯಬೇಕಿತ್ತು. ಬಹಳ ಹತ್ತಿರ ಕಾಣುತ್ತದೆ. ನನಗೆ ಆ ದಿನ ಊಟ ಸೇರಲಿಲ್ಲ.

ಐದನೇ ದಿನ ಬೆಳಿಗ್ಗೆ ಹನ್ನೊಂದಕ್ಕೆ ಸುಕೇಶ ರಿಕ್ಷಾದಿಂದ ಇಳಿದ. ಅವನ ಹಿಂದೆ ಅವಳೂ ಇಳಿದಳು.

ಕೀ ತರುತ್ತೇನೆ ಎಂದವನು ಕೀ ಇಟ್ಟುಕೊಂಡವಳನ್ನೇ ತಂದಿದ್ದ. ಚೆಲುವೆ, ಸುಳ್ಳು ಯಾಕೆ ಹೇಳಲಿ. ಇಸ್ತ್ರಿ ಮುರಿಯದ ಕುರ್ತಾ, ಸಣ್ಣ ಓಲೆ, ನಮ್ಮ ಗಲ್ಲಿಯಲ್ಲೂ ಕೊಳೆಯಾಗದ ಚಪ್ಪಲಿ. ನನ್ನ ಉಗುರಿನ ಸಂದಿಯ ಕರಿ ನೆನಪಾಗಿ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡೆ.

ಅವರಿಬ್ಬರೂ ತುಳುವಿನಲ್ಲಿ ಮಾತಾಡುತ್ತಿದ್ದರು. ಹಿಂದಿ, ಮರಾಠಿ ಯಾವುದಾಗಿದ್ದರೂ ನಾನು ಬಿಡುತ್ತಿರಲಿಲ್ಲ; ತುಳು ನನಗೆ ಒಂದಕ್ಷರ ಬರುವುದಿಲ್ಲ. ಅವನು ಏನೋ ಹೇಳಿದ, ಅವಳು ನಕ್ಕಳು, ನನ್ನ ಕಡೆ ನೋಡಿದಳು, ಮತ್ತೆ ನಕ್ಕಳು. ಒಂದು ಇಡೀ ಭಾಷೆಯ ಮೇಲೆ ಹೊಟ್ಟೆಕಿಚ್ಚುಪಡುವುದು ಹೇಗೆಂದು ಆವತ್ತು ಕಲಿತೆ.

"ಕೀ ಕೊಡ್ರಿ" ಎಂದೆ.

ಅವಳು ಕೊಟ್ಟಳು. ಅದು ಅವಳ ಕೈಯ ಬಿಸಿಗೆ ಬೆಚ್ಚಗಿತ್ತು.

ಹೊಸ ಇಸಿಎಂ ಕೂರಿಸಿ ಆಗಿತ್ತು. ಡ್ರೈವರ್ ಸೀಟಿನಲ್ಲಿ ಕೂತು ಸುಕೇಶನ ಕೀ ತಿರುಗಿಸಿದೆ. ಮೊದಲ ಕೀ ಗುರುತಾಯಿತು ಎಂದು ಸ್ಕ್ಯಾನರ್ ತೋರಿಸಿತು. ಮುಂದಿನ ಕೀ ಹಾಕಿ, ಇಲ್ಲವೇ ಮುಗಿಸಿ ಎಂದು ಕೇಳಿತು. ಮೂವತ್ತು ಸೆಕೆಂಡು ಸಮಯ.

ನನ್ನ ಎಡಗೈಯಲ್ಲಿ ಅವಳ ಕೀ, ಬಲ ಹೆಬ್ಬೆರಳು 'ಮುಗಿಸಿ' ಗುಂಡಿಯ ಮೇಲೆ. ಒತ್ತಿದರೆ ಸಾಕಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ. ಮುಂದೆ ಯಾವತ್ತೋ ಅವಳು ಬಾಂದ್ರಾದ ರಸ್ತೆಯಲ್ಲಿ ಇವನ ಕಾರು ಹತ್ತಿ ಕೀ ತಿರುಗಿಸಿ ತಿರುಗಿಸಿ ಸುಸ್ತಾಗುತ್ತಿದ್ದಳು. ಆ ಚಿತ್ರ ನೆನೆದು ನನಗೆ ಎಷ್ಟು ಖುಷಿಯಾಯಿತೆಂದರೆ, ನನ್ನ ಮೇಲೆ ನನಗೇ ನಾಚಿಕೆ ಬಂತು.

ಎಂಟು ಸೆಕೆಂಡು ಉಳಿದಿರುವಾಗ ಅವಳ ಕೀ ಹಾಕಿದೆ. ಎರಡೂ ಗುರುತಾದವು.

ಕಾರು ಒಂದೇ ಸಲಕ್ಕೆ ಚಾಲೂ ಆಯಿತು. ಆರಿಸಿ, ಇಳಿದು ಬಂದು, ಇಬ್ಬರ ಕೈಗೂ ಒಂದೊಂದು ಕೀ ಕೊಟ್ಟೆ. "ಆತು. ಇನ್ನ ಇಬ್ಬರೂ ಆರಾಮ ಅಡ್ಡಾಡ್ರಿ."

ಯಕ್ಷಿತಾ ತನ್ನ ಕೀಯನ್ನು ಸುಕೇಶನ ಅಂಗೈಯಲ್ಲಿಟ್ಟಳು.

"ನನ್ನ ಕನ್ನಡ ಸ್ವಲ್ಪ ಗಿಚ್‌ಪಿಚ್ ಉಂಟು, ಸಾರಿ ಹಾಂ" ಎಂದಳು ನನಗೆ. "ಇದು ವಾಪಸ್ ಕೊಡ್ಲಿಕ್ಕೇ ಬಂದದ್ದು. ಇಷ್ಟು ದಿನ ಇವ ಕೇಳಲಿಲ್ಲ, ನಾನು ಕೊಡಲಿಲ್ಲ. ಅವತ್ತು ಸಬ್‌ವೇಯಲ್ಲಿ ದೋ ಘಂಟೆ ಸೀಟ್ ಮೇಲೆ ಕಾಲಿಟ್ಟು ಕೂತಿದ್ವಿ. ಫಸ್ಟ್ ಟೈಮ್ ಸರಿ ಮಾತಾಡಿದ್ದು. ಮಾತಾಡಿದ್ಮೇಲೆ ನಾನೇ ಹೇಳಿದೆ, ಈ ಮದುವೆ ಬೇಡ ಅಂತ."

ಅವಳು ನಕ್ಕಳು, ಆದರೆ ಕೀ ಬಿಟ್ಟ ಬೆರಳುಗಳು ಒಂದು ಕ್ಷಣ ಅಲ್ಲೇ ತಡೆದವು. ಅಷ್ಟು ದಿನದಲ್ಲಿ ಮೊದಲ ಸಲ ನನಗೆ ಅವಳನ್ನು ನೋಡಿ ಪಾಪ ಅನ್ನಿಸಿತು.

"ಈಗ ಯಾಕೆ ಕೇಳಿದ ಅಂತ ರಿಕ್ಷಾದಲ್ಲಿ ಕೇಳಿದ್ರೆ ಬಾಯಿ ಬಿಡಲಿಲ್ಲ. ನಿಮ್ಮನ್ನ ನೋಡಿ ಸಮಜ್ ಆಯ್ತು" ಎಂದು ಹೇಳಿ, ಬಂದ ಹಾಗೆಯೇ ರಿಕ್ಷಾ ಹತ್ತಿ ಹೋದಳು.

ಗಲ್ಲಿಯಲ್ಲಿ ನಾವಿಬ್ಬರೇ ಉಳಿದೆವು. ಕಾಕಾ ಇದ್ದ, ಆದರೆ ಇನ್ನೊಂದು ಗಾಡಿಯ ಕೆಳಗಿದ್ದ.

"ನೀವು ಮೊನ್ನೆ ತಿಳಿದದ್ದು ತಪ್ಪಲ್ಲ" ಎಂದ ಸುಕೇಶ. "ಕಾರನ್ನೂ ಬಿಟ್ಟಳು, ನನ್ನನ್ನೂ ಬಿಟ್ಟಳು. ಅದು ಹೇಳ್ಲಿಕ್ಕೆ ಧೈರ್ಯ ಬರಲಿಲ್ಲ ನೋಡಿ."

"ಹಂಗಾರ ಅವತ್ತು ಕೀ ಸಾಯೂದು ಬ್ಯಾಡ ಯಾಕಂದ್ರಿ?"

"ಅವಳಿಗೆ ಗೊತ್ತಿಲ್ಲದೆ ಸಾಯುದು ಬೇಡ ಅಂತ. ಕೇಳಿ ತಕ್ಕೊಂಡ್ರೆ ಮಾತ್ರ ಇನ್ನೊಬ್ಬರಿಗೆ ಕೊಡ್ಲಿಕ್ಕೆ ಆಗುದಲ್ಲವಾ?"

ನನ್ನ ಕೆನ್ನೆ ಬಿಸಿಯಾಯಿತು. ಗ್ರೀಸು ಇದ್ದರೆ ಇರಲಿ ಎಂದುಕೊಂಡೆ. "ಆ ಕೀ ನಾನೇ ಸಾಯಿಸ್ತಿದ್ದೆ" ಎಂದು ಹೇಳಿಬಿಟ್ಟೆ. "ಇಪ್ಪತ್ತೆರಡು ಸೆಕೆಂಡ್ ಹಿಡ್ಕೊಂಡು ಕೂತಿದ್ದೆ."

"ನೋಡಿದೆ" ಎಂದು ನಕ್ಕ. "ನಾನೂ ಅಷ್ಟೂ ಸೆಕೆಂಡ್ ಉಸಿರು ಹಿಡ್ಕೊಂಡೇ ನಿಂತಿದ್ದೆ."

ಎರಡನೇ ಕೀಯನ್ನು ನನ್ನ ಕೈಯಲ್ಲಿಟ್ಟು, ಕಾರು ಸುತ್ತಿಬಂದು, ಪಕ್ಕದ ಸೀಟಿನಲ್ಲಿ ಕೂತ. ನಾನು ಡ್ರೈವರ್ ಸೀಟಿಗೆ ಬಂದೆ. ಕಾಕಾ ತೆವಳಿಕೊಂಡು ಹೊರಗೆ ಬಂದು, ತನಗೇನೂ ಗೊತ್ತಿಲ್ಲದವನಂತೆ ಬೀಡಿ ಹುಡುಕತೊಡಗಿದ.

"ಟ್ರಯಲ್ ಹೋಗ್ಬೇಕಲ್ಲ" ಎಂದ ಸುಕೇಶ, ಬನ್ಸ್ ಕೊಟ್ಟಾಗ ನೋಡುವ ಹಾಗೆಯೇ ನನ್ನನ್ನು ನೋಡುತ್ತಾ. "ನೀವೇ ಬಿಡ್ತೀರಾ?"

"ಗಾಡಿ ಬಿಡ್ತೀನ್ರಿ" ಎಂದು ಕೀ ತಿರುಗಿಸಿದೆ. "ನಿಮ್ಮನ್ನ ಬಿಡಂಗಿಲ್ಲ."