ಕಡುನೀಲಿಯೋ, ಕೆನೆಬಣ್ಣವೋ

ಎರಡು ಶೇಡ್ ಕಾರ್ಡುಗಳನ್ನು ಅಕ್ಕಪಕ್ಕ ಹಿಡಿದು ನಿಂತಿದ್ದವನಿಗೆ, ಹಾಗೆ ನೋಡಬಾರದು ಎಂದು ಹೇಳುವಷ್ಟರಲ್ಲಿ ಪೇಂಟ್ ಅಂಗಡಿಯ ಹುಡುಗಿಯ ಬಾಯಿ ಒಣಗಿಹೋಯಿತು. ಗಿರಾಕಿಗಳ ಜೊತೆ ಮಾತು ಮಾಲೀಕರದು. ಬಣ್ಣ ಬೆರೆಸುವ ಮಷೀನಿನ ಹಿಂದೆ ಅಡಗಿಕೊಳ್ಳುವುದು ಅವಳದು.

ಜೊತೆಗಿಟ್ಟರೆ ಕಡುನೀಲಿ ಇನ್ನೂ ಕಪ್ಪಾಗಿ ಕಾಣುತ್ತದೆ, ಕೆನೆಬಣ್ಣ ಬಿಳಿಚಿಕೊಳ್ಳುತ್ತದೆ. ಒಂದೊಂದನ್ನೇ ರೂಮಿನ ಗೋಡೆಗೆ ಅಂಟಿಸಿ, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೋಡಿ ಎಂದಳು.

ಅವನು ನೋಡಿದ. ನೋಡಿದ್ದನ್ನು ಒಪ್ಪಿಸಲು ಮತ್ತೆ ಬಂದ. ಎಳೆಬಿಸಿಲಿಗೆ ನೀಲಿ ನವಿಲಾಯಿತಂತೆ, ಕೆನೆಬಣ್ಣ ಆಸ್ಪತ್ರೆಯಾಯಿತಂತೆ. ಮೂರನೆಯ ಸಲ ನೆಪವೂ ಇರಲಿಲ್ಲ. ಅವಳ ಕೆನ್ನೆಗಂಟಿದ್ದ ಬಣ್ಣದ ಹನಿಯನ್ನು ಕಣ್ಣಲ್ಲೇ ತೋರಿಸಿ, ಈ ಶೇಡಿನ ಹೆಸರೇನು ಎಂದು ಕೇಳಿದ. ಅವಳು ಒರೆಸಿಕೊಳ್ಳಲು ಹೋದರೆ ಅದು ಕಿವಿಯವರೆಗೂ ಹರಡಿತು. ಇಬ್ಬರೂ ನಕ್ಕರು. ಮಾಲೀಕರು ಕೆಮ್ಮಿದರು.

ನಾಲ್ಕನೆಯ ಸಲ ಕೌಂಟರಿಗೆ ಮೊಣಕೈಯೂರಿ, "ನಿಮ್ಮ ಮನೆ ಆಗಿದ್ರೆ ಯಾವುದು ಹಚ್ಚಿಸ್ತಿದ್ರಿ?" ಎಂದ.

"ನೀಲಿ."

ಅಷ್ಟು ಹೇಳುವುದರೊಳಗೆ ಅವಳ ಮನಸ್ಸು ಆ ರೂಮಿನಲ್ಲಿ ಮಂಚ ಹಾಕಿ, ಕಿಟಕಿಗೆ ಪರದೆ ಕಟ್ಟಿಯಾಗಿತ್ತು.

ಹತ್ತು ದಿನ ಬಿಟ್ಟು ಅವನು ಬಂದಾಗ ಜೊತೆಗೊಬ್ಬಳಿದ್ದಳು. ಅವನ ತೋಳು ಹಿಡಿದಿದ್ದ ರೀತಿಯಲ್ಲೇ ಎಲ್ಲ ತಿಳಿಯಿತು. ಮುಂದಿನ ತಿಂಗಳು ಮದುವೆಯಂತೆ. ನೀಲಿ ಬಳಿದು ರೂಮು ಬಾವಿಯ ಹಾಗಾಗಿದೆ, ಅದರ ಮೇಲೆ ಕೆನೆಬಣ್ಣ ಹೊಡೆಸಬೇಕು ಎಂದು ಆಕೆ ನಗುತ್ತಲೇ ದೂರಿದಳು. "ಯಾವ ಪುಣ್ಯಾತ್ಮರು ರೀ ಇವರಿಗೆ ಆ ನೀಲಿ ಹೇಳಿದ್ದು?"

"ಅಂಗಡಿಯವರು ತಲೆಗೆ ಕಟ್ಟಿದ್ರು," ಎಂದ ಅವನು, ಡಬ್ಬಗಳ ಕಡೆ ನೋಡುತ್ತ.

ಅವನು ಇನ್ನೊಬ್ಬಳವನು ಎಂಬುದನ್ನು ಹುಡುಗಿ ಹೇಗೋ ನುಂಗಿಕೊಂಡಿದ್ದಳು. ಈ ಮಾತು ಗಂಟಲಲ್ಲಿ ಇಳಿಯಲಿಲ್ಲ.

"ನಾನೇ ಹೇಳಿದ್ದು. ಇವರು ಕೇಳಿದ್ರು, ಹೇಳಿದೆ."

ಆ ದನಿಗೆ ಆಕೆ ತಿರುಗಿ ನೋಡಿದಳು. ಆಮೇಲೆ ಅವನನ್ನು ನೋಡಿದಳು. ನಗು ಇಳಿಯಿತು. "ಎಷ್ಟು ಸಲ ಬಂದಿದ್ರು ಇಲ್ಲಿಗೆ?"

ಒಂದೇ ಸಲ ಅನ್ನಬಹುದಿತ್ತು. ಅವನ ಕಣ್ಣು ಅದನ್ನೇ ಬೇಡುತ್ತಿತ್ತು.

"ನಾಲ್ಕು ಸಲ."

ಆಕೆ ತೋಳು ಬಿಟ್ಟಳು. ಬಣ್ಣದ ಮಾತೆತ್ತದೆ ಮೆಟ್ಟಿಲಿಳಿದು ಹೋದಳು.

ಅವನು ಹಲ್ಲು ಕಚ್ಚಿದ. "ಒಂದು ಸುಳ್ಳು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

ಅವಳು ಕೌಂಟರಿನ ಅಂಚು ಹಿಡಿದುಕೊಂಡಳು. ಹುಟ್ಟಿದಾಗಿನಿಂದ ಯಾರಿಗೂ ಹೇಳದ ಮಾತು ನಾಲಿಗೆಯ ತುದಿಗೆ ಬಂದಿತ್ತು.

"ನಾಲ್ಕು ಸಲಾನೂ ನೀವು ಹೋದಮೇಲೆ ನಾನು ಕಾಯ್ತಿದ್ದೆ," ಎಂದಳು.

ಅಷ್ಟರಲ್ಲಿ ಅವನು ಬಾಗಿಲು ದಾಟಿ, ಬೀದಿಯಲ್ಲಿ ಆಕೆಯ ಹೆಸರು ಹಿಡಿದು ಕೂಗುತ್ತಿದ್ದ.