ಹೃದಯದ ಪಾಠದಲ್ಲಿ ಒಂದು ಪ್ರಶ್ನೆ

ವಿಡಿಯೊ ನೋಡುವಾಗ ಪ್ರಶ್ನೆ, ಉತ್ತರ ಎರಡನ್ನೂ ಬರೆದುಕೊಳ್ಳಬೇಕು ಎಂಬುದು ನನ್ನ ತರಗತಿಯ ಕಟ್ಟಪ್ಪಣೆ. ಅಂದು ಇಂಟರ್‌ನೆಟ್‌ನಿಂದ ಹೃದಯದ ಪಾಠ ಹಾಕಿದ್ದೆ. ಹತ್ತಾರು ಸಲ ತೋರಿಸಿ ನನಗೇ ಬಾಯಿಪಾಠವಾಗಿದ್ದ ವಿಡಿಯೊ. ನಡುವೆ ಪರದೆಯ ಮೇಲಿನ ಟೀಚರ್ ಮಾತು ನಿಲ್ಲಿಸಿ, ನಮ್ಮ ಕೊನೆಯ ಬೆಂಚಿನತ್ತ ನೋಡಿದರು. ಅಲ್ಲಿ ಕೂರುತ್ತಿದ್ದ ಹುಡುಗಿ ತೀರಿಕೊಂಡು ತಿಂಗಳಾಗಿತ್ತು, ಬೆಂಚು ಖಾಲಿ. ಯಾರದೋ ಮಾತು ಕೇಳಿಸಿಕೊಂಡವರಂತೆ ತಲೆಯಾಡಿಸಿ, "ಇಲ್ಲ ಪುಟ್ಟಾ, ನಿಂತ್ಮೇಲೆ ಮತ್ತೆ ಬಡಿಯಲ್ಲ," ಅಂದರು. ತಟ್ಟನೆ ತರಗತಿಯತ್ತ ತಿರುಗಿದೆ. ಮಕ್ಕಳು ತಲೆಯೆತ್ತದೆ ಬರೆಯುತ್ತಿದ್ದರು.

ಸ್ಟಾಫ್ ರೂಮಿನಲ್ಲಿ ಮತ್ತೆ ಹಾಕಿ ನೋಡಿದೆ. ವಿಡಿಯೊದಲ್ಲಿ ಆ ಮಾತೇ ಇಲ್ಲ!

ನೋಟ್‌ಬುಕ್ಕುಗಳನ್ನು ತಂದ ಕ್ಲಾಸ್ ಲೀಡರಳನ್ನು, "ಆ ವಿಡಿಯೊ ಟೀಚರ್‌ಗೆ ಪ್ರಶ್ನೆ ಕೇಳಿದ್ದು ಯಾರೇ?" ಎಂದು ಕೇಳಿದೆ.

"ನಿಮಗೆ ಕೇಳಿಸ್ಲಿಲ್ವಾ ಮಿಸ್?" ಎಂದಳು.

ಮೂವತ್ತೆರಡು ನೋಟ್‌ಬುಕ್ಕುಗಳಲ್ಲೂ ಅದೇ ಸಾಲಿತ್ತು: "ಮಿಸ್, ನನ್ನದು ಮತ್ತೆ ಬಡಿಯುತ್ತಾ?"