ಅವಳ ಹೆಸರು ಹೇಳಿ ತೆಗೆದ ಅನ್ನ

"ಆ ಅನ್ನದ ಪಾತ್ರೆ ಕೆಳಗಿಡಿ!"

ಈಜು ಶಾಲೆಯ ಹಾಸ್ಟೆಲಿನ ಊಟದ ಕೋಣೆ ಒಮ್ಮೆಲೇ ಗಪ್‌ಚುಪ್ ಆಯಿತು. ಬಾಗಿಲಲ್ಲಿ ಕೊರಳಿಗೆ ಸೀಟಿ ನೇತುಹಾಕಿಕೊಂಡು ನಿಂತಿದ್ದವನು ಕೋಚ್. ಮಕ್ಕಳ ಬಾಯಲ್ಲಿ ಸೀಟಿ ಸರ್.

ಸೌಟು ಹಿಡಿದಿದ್ದವಳು ಅಂದಷ್ಟೇ ಕೆಲಸಕ್ಕೆ ಸೇರಿದ್ದ ಆಹಾರ ತಜ್ಞೆ. ಅವಳು ಪಾತ್ರೆಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು.

"ಯಾಕೆ ಇಡ್ಬೇಕು?"

"ಹೊರಗೆ ನೋಡಿ ಮೇಡಂ, ಸಂಜೆ ಆಗಿದೆ. ಈ ಹೊತ್ತಲ್ಲಿ ಅನ್ನ ತಿಂದ್ರೆ ಎಲ್ಲಾ ಕೊಬ್ಬಾಗಿ ಕೂರುತ್ತೆ. ನನಗೆ ಈಜೋ ಮಕ್ಕಳು ಬೇಕು, ತೇಲೋ ಡ್ರಮ್ಮುಗಳಲ್ಲ!"

ಮಕ್ಕಳು ಕಿಸಕ್ಕೆಂದರು. ಅವಳು ನಗಲಿಲ್ಲ.

"ಅನ್ನಕ್ಕೆ ಗಡಿಯಾರ ನೋಡೋಕೆ ಬರಲ್ಲ ಸರ್. ಇಷ್ಟು ಹೊತ್ತು ಇವರನ್ನ ನೀರಲ್ಲಿ ಈಜಿಸಿದ್ದೀರಿ. ಮೈಯಲ್ಲಿದ್ದ ಶಕ್ತಿಯೆಲ್ಲ ಬರಿದಾಗಿದೆ. ಈಗ ತಿಂದದ್ದು ಮೊದಲು ಆ ಜಾಗ ತುಂಬುತ್ತೆ. ಬೆಳಗಾಗೋ ಮುಂಚೆ ಮತ್ತೆ ನೀರಿಗಿಳಿಸ್ತೀರಲ್ಲ, ಆಗ ಯಾವ ಬಲದ ಮೇಲೆ ಈಜ್ಬೇಕು? ನಿಮ್ಮ ಸೀಟಿ ಬಲದ ಮೇಲಾ?"

ಅವನು ಅವಳನ್ನೇ ನೋಡಿದ. ಸಿಟ್ಟು ಬರಬೇಕಿತ್ತು… ಬಂದದ್ದು ನಗು.

"ಸರಿ, ನನಗೂ ಒಂದು ತಟ್ಟೆ ಹಾಕಿ. ತಿನ್ನುತ್ತಲೇ ಜಗಳ ಮುಂದುವರಿಸೋಣ."

ಜಗಳ ಮುಂದುವರಿಯಲಿಲ್ಲ. ಮುಂದುವರಿದದ್ದು ಬೇರೆಯೇ.

ಮೊದಲ ದಿನವೇನೋ ರಜೆ ಹಾಕಿ ಬಂದಿದ್ದಳು; ಉಳಿದಂತೆ ಸಂಜೆಯ ಹೊತ್ತು ಅವಳಿಗೆ ಆಸ್ಪತ್ರೆಯಲ್ಲಿ ಕೆಲಸ. ಹಾಸ್ಟೆಲಿಗೆ ಬೆಳಿಗ್ಗೆ ಬಂದು, ಅಂದಿನ ಅಡುಗೆ ಹೇಳಿಕೊಟ್ಟು ಹೋಗುತ್ತಿದ್ದಳು. ಮಕ್ಕಳ ಬಾಯಲ್ಲಿ ಅವಳು ಊಟದಕ್ಕ. "ಸಂಜೆ ಊಟ ನಾನು ನೋಡ್ಕೋತೀನಿ, ನೀವು ನಿಶ್ಚಿಂತೆಯಿಂದಿರಿ" ಎಂದು ಅವನೇ ಹೊಣೆ ಹೊತ್ತಿದ್ದ.

"ಮೊದಮೊದಲು ಮಕ್ಕಳ ತೂಕ ಚೂರು ಏರುತ್ತೆ ಸರ್, ಹೆದರ್ಬೇಡಿ. ಮೈ ಶಕ್ತಿ ಕೂಡಿಟ್ಟುಕೊಳ್ಳುವಾಗ ನೀರನ್ನೂ ಹಿಡ್ಕೊಳ್ಳುತ್ತೆ. ಅದು ಕೊಬ್ಬಲ್ಲ."

"ನಾನ್ಯಾಕೆ ಹೆದರ್ಲಿ? ನೀವಿದ್ದೀರಲ್ಲ!"

ದಿನಾ ಸಂಜೆ ಅವನ ಫೋನು. "ತಟ್ಟೆಗಳೆಲ್ಲ ಖಾಲಿ ಮೇಡಂ. ನಮ್ಮ ಗುಬ್ಬಿ ಇವತ್ತೂ ಇನ್ನೊಂದು ಸಲ ಹಾಕಿಸ್ಕೊಂಡ್ಲು." ಗುಬ್ಬಿ ಎಂದರೆ ಹಾಸ್ಟೆಲಿನ ಅತಿ ಸಣ್ಣ ಈಜುಗಾರ್ತಿ.

ಇಷ್ಟೇ ಮಾತಿಗೆ ಅವಳ ಕೆನ್ನೆ ಬಿಸಿಯಾಗುತ್ತಿತ್ತು. 'ಇದೆಂಥ ಪ್ರೇಮ ಸಲ್ಲಾಪ ದೇವರೇ… ಬರೀ ಅನ್ನ, ಆಲೂಗಡ್ಡೆ!' ಎಂದು ತನ್ನಷ್ಟಕ್ಕೇ ನಗುತ್ತಿದ್ದಳು.

ಒಮ್ಮೆ ಅವನು ತಡವರಿಸುತ್ತ ಹೇಳಿದ. "ಆಯ್ಕೆ ಸ್ಪರ್ಧೆ ಮುಗೀಲಿ. ನಿಮ್ಮಮ್ಮನ್ನ ನೋಡೋಕೆ ಬರ್ತೀನಿ."

"ಯಾಕೆ? ಅವರಿಗೂ ಈಜು ಕಲಿಸ್ತೀರಾ?"

"ಅಲ್ಲ… ಅವರ ಮಗಳನ್ನ ಕೇಳ್ಬೇಕು."

ಆ ದಿನ ಆಸ್ಪತ್ರೆಯ ರೋಗಿಗಳೆಲ್ಲ ಅವಳಿಗೆ ನೆಂಟರಂತೆ ಕಂಡರು.

ಆದರೆ ಆಯ್ಕೆಗೂ ಮುಂಚಿನ ಪೂರ್ವಭಾವಿ ಸ್ಪರ್ಧೆಯಲ್ಲಿ ಹಾಸ್ಟೆಲಿನ ಮಕ್ಕಳೆಲ್ಲ ಹಿಂದೆ ಬಿದ್ದರು. ಗುಬ್ಬಿಯಂತೂ ಅರ್ಧ ದಾರಿಯಲ್ಲೇ ಸೋತು, ಕೊಳದ ಅಂಚು ಹಿಡಿದು ನಿಂತುಬಿಟ್ಟಳು. ಮಧ್ಯಾಹ್ನ ಶಾಲೆಯ ಅಧ್ಯಕ್ಷರು ಪೋಷಕರನ್ನು ಸೇರಿಸಿದರು.

ಗುಬ್ಬಿಯ ಅಪ್ಪ ಎದ್ದು ನಿಂತರು. "ಸಂಜೆ ಹೊತ್ತು ಗಡದ್ದಾಗಿ ಅನ್ನ ತಿನ್ನಿಸೋ ಯೋಜನೆ ಈ ಅಮ್ಮಂದೇ ತಾನೇ? ನನ್ನ ಮಗಳಿಗೆ ಕೈ ಎತ್ತೋಕೂ ಆಗ್ತಿಲ್ಲ!"

ಎಲ್ಲರ ಕಣ್ಣೂ ಅವಳ ಮೇಲೆ ಬಿತ್ತು. ಅವಳಿಗೂ ಏನೂ ಹೊಳೆಯಲಿಲ್ಲ. ಇಷ್ಟು ಚೆನ್ನಾಗಿ ತಿಂದ ಮಕ್ಕಳು ಹೀಗೆ ಸೊರಗುವುದು ಹೇಗೆ? ಆಸರೆಗೆಂದು ಅವನತ್ತ ತಿರುಗಿದಳು.

ಅವನು ತಲೆ ತಗ್ಗಿಸಿ ತನ್ನ ಚಪ್ಪಲಿ ನೋಡುತ್ತಿದ್ದ.

'ಒಂದು ಮಾತು ಆಡಿ… ಒಂದೇ ಒಂದು ಮಾತು!'

ಆಡಲಿಲ್ಲ.

"ನಾಳೆ ಬಂದು ನಿಮ್ಮ ಸಾಮಾನು ತೆಗೆದುಕೊಂಡು ಹೋಗಿಬಿಡಿ, ಮೇಡಂ" ಎಂದರು ಅಧ್ಯಕ್ಷರು.

ಹೊರಗೆ ಬಂದಾಗ ಗುಬ್ಬಿ ಅವಳ ಸೆರಗು ಜಗ್ಗಿದಳು.

"ಅಕ್ಕಾ, ನಂಗೆ ನಿಮ್ಮೇಲೆ ಕೋಪ ಇಲ್ಲ. ಆದ್ರೆ ಅನ್ನ ಯಾಕೆ ನಿಲ್ಲಿಸ್ಬಿಟ್ರಿ? ಬರೀ ಸೌತೆಕಾಯಿ, ಮೊಟ್ಟೆ ತಿಂದು ಮಲಗಿದ್ರೆ ನಿದ್ದೆನೇ ಬರಲ್ಲ…"

"ಏನಂದೆ ಪುಟ್ಟಾ? ನಾನು ನಿಲ್ಲಿಸಿದ್ನಾ?"

"ಹೂಂ. 'ಊಟದಕ್ಕನೇ ಅನ್ನ ಬೇಡ ಅಂದಿದ್ದಾರೆ, ಬೆಳಿಗ್ಗೆ ಅವರನ್ನ ಕೇಳಿ ಪೀಡಿಸ್ಬೇಡಿ' ಅಂತ ಸೀಟಿ ಸರ್ ನಮಗೂ ಅಡುಗೆಯವರಿಗೂ ಹೇಳಿದ್ರು."

ಅವಳು ನೇರವಾಗಿ ಅವನನ್ನು ಹುಡುಕಿಕೊಂಡು ಹೋದಳು.

ತೇಲುವ ಹಲಗೆಗಳನ್ನು ಜೋಡಿಸಿಡುವ ಕೋಣೆಯಲ್ಲಿ ಅವನು ಒಬ್ಬನೇ ಕುಳಿತಿದ್ದ.

"ಯಾವಾಗಿಂದ?"

ಕೇಳಿದ್ದು ಏನೆಂದು ಅವನಿಗೆ ತಿಳಿಯಿತು. "ತೂಕ ಏರಿತಲ್ಲ… ಆಗಿಂದ."

"ಏರುತ್ತೆ ಅಂತ ಹೇಳಿದ್ದೆ."

"ಹೇಳಿದ್ರಿ."

"ದಿನಾ ಸಂಜೆ ಆ ಫೋನು? ತಟ್ಟೆ ಖಾಲಿ, ಗುಬ್ಬಿ ಇನ್ನೊಂದು ಸಲ ಹಾಕಿಸ್ಕೊಂಡ್ಲು…?"

ಅವನು ಮುಖ ಮುಚ್ಚಿಕೊಂಡ.

"ಅನ್ನ ಬೇಡ ಅನ್ಸಿದ್ರೆ ನನ್ನ ಮುಖಕ್ಕೇ ಹೇಳ್ಬೇಕಿತ್ತು! ಮೊದಲ ದಿನದ ಹಾಗೆ ಕೂಗಾಡ್ಬೇಕಿತ್ತು. ನನ್ನ ಹೆಸರು ಹೇಳಿ ಮಕ್ಕಳನ್ನ ಹಸಿದ ಹೊಟ್ಟೇಲಿ ಮಲಗಿಸಿದ್ರಿ. ಆ ಹಸಿವನ್ನ ನನ್ನ ತಲೆಗೇ ಕಟ್ಟಿದಾಗಲೂ ಸುಮ್ಮನೆ ಕೂತ್ರಿ. ನಾನು ಮಾತ್ರ ನಿಮ್ಮ ಸುಳ್ಳು ಕೇಳಿ ಕೆನ್ನೆ ಕೆಂಪು ಮಾಡ್ಕೋತಿದ್ದೆ… ಎಂಥ ಪೆದ್ದಿ!"

"ಒಂದು ನಿಮಿಷ ನನ್ನ ಮಾತು—"

"ಮಾತಾಡೋ ಹೊತ್ತಲ್ಲಿ ಆಡ್ಲಿಲ್ಲ. ಈಗ ಬೇಡ."

ಮನೆಯಲ್ಲಿ ಬಟ್ಟೆ ಮಡಚುತ್ತಿದ್ದ ಅಮ್ಮ ಮಗಳ ಮುಖ ನೋಡಿಯೇ ಪಕ್ಕದಲ್ಲಿ ಜಾಗ ಮಾಡಿಕೊಟ್ಟರು. ಎಲ್ಲ ಕೇಳಿದ ಮೇಲೆ ಒಂದು ಟವೆಲ್ ಅವಳ ಕೈಗಿತ್ತರು.

"ಮೊದಲು ಕಣ್ಣೊರೆಸ್ಕೋ. ಆಮೇಲೆ ಅದನ್ನೇ ಮಡಚು… ಅಲ್ಲ ಕಣೇ, ತಕ್ಷಣ ವಾಪಸ್ ಹೋಗಿ ಆ ಪೋಷಕರ ಮುಂದೆ ನಿಜ ಯಾಕೆ ಹೇಳ್ಲಿಲ್ಲ?"

"ಅವನೇ ಹೇಳ್ತಾನೇನೋ ಅಂತ… ಈಗಲೂ ಕಾಯ್ತಿದ್ದೀನಿ ಅಮ್ಮ. ನಾಚಿಕೆಗೆಟ್ಟವಳು ನಾನು."

"ಕಾಯೋದು ತಪ್ಪಲ್ಲ. ಆದ್ರೆ ನೀನು ಕಾಯ್ತೀಯ ಅಂತ ಆ ಮಕ್ಕಳು ಹಸೀಬಾರ್ದು. ನಾಳೆ ಹೋಗಿ ನೀನೇ ಹೇಳು."

ಬೆಳಿಗ್ಗೆ ಆ ನಿರ್ಧಾರದಿಂದಲೇ ಹೋದಳು. ಸಭೆಗೆ ಬಂದಿದ್ದ ಪೋಷಕರು ಇನ್ನೂ ಊರಿಗೆ ಹೊರಟಿರಲಿಲ್ಲ. ಎಲ್ಲರೂ ಕೊಳದ ಬಳಿ ನಿಂತಿದ್ದರು. ನಡುವೆ ಅವನು. ಕೊರಳಲ್ಲಿ ಸೀಟಿ ಇರಲಿಲ್ಲ. ಅದನ್ನು ಅಧ್ಯಕ್ಷರ ಕೈಗೆ ಕೊಟ್ಟಾಗಿತ್ತು.

"ಮೇಡಂ ಹೇಳಿದ ಊಟ ಮಕ್ಕಳಿಗೆ ಸಿಕ್ಕಿದ್ದು ಮೊದಲ ಕೆಲವು ದಿನ ಮಾತ್ರ. ಆಮೇಲೆ ನಾನು ನಿಲ್ಲಿಸಿದೆ. ಅವರ ಹೆಸರು ಹೇಳಿ ನಿಲ್ಲಿಸಿದೆ. ಮಕ್ಕಳು ಸೋತದ್ದು ಅನ್ನ ತಿಂದಲ್ಲ, ತಿನ್ನದೆ. ನಿನ್ನೆ ಇದನ್ನ ಹೇಳೋಕೆ ಧೈರ್ಯ ಬರ್ಲಿಲ್ಲ. ಬೈಯೋದಿದ್ರೆ ನನ್ನ ಬೈಯಿರಿ."

ಬೈದರು. ಗುಬ್ಬಿಯ ಅಪ್ಪ ಎಲ್ಲರಿಗಿಂತ ಜೋರಾಗಿ ಬೈದರು. ಆಮೇಲೆ ಅವರು ಅವಳ ಬಳಿ ಬಂದು, "ತಪ್ಪಾಯ್ತಮ್ಮ. ನೀವು ಬಿಟ್ಟು ಹೋಗ್ಬೇಡಿ" ಎಂದರು.

ಅಧ್ಯಕ್ಷರು ಯೋಚಿಸಿ ಹೇಳಿದರು. "ಮೇಡಂ ಇರ್ತಾರೆ. ಸಂಜೆ ಊಟ ಇನ್ಮೇಲೆ ವಾರ್ಡನ್ ನೋಡ್ಕೋತಾರೆ. ಕೋಚ್, ನೀವು ಈಜು ಕಲಿಸಿ ಸಾಕು. ಸೀಟಿ ವಾಪಸ್ ಕೊಡ್ಬೇಕೋ ಬೇಡ್ವೋ ಅಂತ ಆಮೇಲೆ ನೋಡ್ತೀನಿ."

ಜನ ಚದುರಿದರು. ಕೊಳದ ಮೆಟ್ಟಿಲ ಬಳಿ ಇಬ್ಬರೇ ಉಳಿದರು.

"ಚಿಕ್ಕವನಿದ್ದಾಗ ನನ್ನ ಕೋಚ್ ನನ್ನನ್ನ ತೂಕದ ಯಂತ್ರದ ಮೇಲೆ ನಿಲ್ಲಿಸಿ ಎಲ್ಲರ ಮುಂದೆ ಹೀಯಾಳಿಸ್ತಿದ್ರು. ಆ ಮುಳ್ಳು ಏರಿದ್ರೆ ಇವತ್ತಿಗೂ ನನ್ನ ಎದೆ ಹೊಡೆದುಕೊಳ್ಳುತ್ತೆ. ನಿಮ್ಮತ್ರ ಹೇಳಿಕೊಂಡ್ರೆ ನಿಮ್ಮ ಕಣ್ಣಲ್ಲಿ ಸಣ್ಣವನಾಗ್ತೀನಿ ಅಂದ್ಕೊಂಡೆ…"

"ಹೇಳಿದ್ರೆ ಆಗ್ತಿರ್ಲಿಲ್ಲ. ಮುಚ್ಚಿಟ್ಟಿದ್ದಕ್ಕೆ ಆದ್ರಿ."

"ಗೊತ್ತು."

ನೀರಿನಲ್ಲಿ ಮಕ್ಕಳ ಗಲಾಟೆ ಶುರುವಾಗಿತ್ತು. ಅವನು ಕೇಳಿದ.

"ಕ್ಷಮಿಸಿದ್ರಾ?"

"ಇನ್ನೂ ಇಲ್ಲ."

"ನನ್ನ ಮಾತು ಇನ್ಮೇಲೆ ನಂಬ್ತೀರಾ?"

"ಮಾತನ್ನಾ? ಸದ್ಯಕ್ಕಿಲ್ಲ. ರಜೆ ಇದ್ದ ದಿನ ಸಂಜೆ ನಾನೇ ಬಂದು ನಿಮ್ಮ ಪಕ್ಕ ಕೂತು ಊಟ ಮಾಡ್ತೀನಿ. ನೋಡಿ ನಂಬ್ತೀನಿ."

ಅವನ ದನಿ ಇನ್ನೂ ತಗ್ಗಿತು. "ಮತ್ತೆ… ಪ್ರೀತಿ? ಅದೂ ಹೋಯ್ತಾ?"

ಅವಳ ಕಣ್ಣು ತುಂಬಿತು. ಮುಖ ತಿರುಗಿಸಿಕೊಂಡೇ ಹೇಳಿದಳು.

"ಹೋಗು ಅಂತ ಇಡೀ ರಾತ್ರಿ ಹೇಳಿದೆ ರೀ… ಕೇಳ್ಲಿಲ್ಲ ಅದು."